ಲಾಸ್ ಏಂಜಲೀಸಿನ ಡೋನಟ್ ಅಂಗಡಿಗಳಿಗೆ: ಎಷ್ಟು ಹೊತ್ತಿಗೆ ಹೋಗಬೇಕು, ಏನು ಕೇಳಬೇಕು, ಹೇಗೆ ತರಬೇಕು

ಲಾಸ್ ಏಂಜಲೀಸಿಗೆ ಹೋದವರು ಡೋನಟ್ ಅಂಗಡಿಯನ್ನು ಸಾಮಾನ್ಯವಾಗಿ ದಿನದ ಕೊನೆಗೆ ಇಟ್ಟುಕೊಳ್ಳುತ್ತಾರೆ. ಬೀಚು ನೋಡಿ, ಸ್ಟುಡಿಯೋ ನೋಡಿ, ಸಂಜೆ ನಾಲ್ಕಕ್ಕೆ ಹೊಟ್ಟೆ ಚುರುಗುಟ್ಟಿದಾಗ ಹೋದರೆ ಗಾಜಿನ ಕಪಾಟಿನಲ್ಲಿ ಅರ್ಧ ತಟ್ಟೆಗಳು ಖಾಲಿ. ಉಳಿದವುಗಳ ಮೇಲಿನ ಪಾಕ ಬೆವರಿ ಕಾಗದಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ತಿಂದು "ಇದರಲ್ಲೇನಿದೆ ಅಂಥಾದ್ದು" ಎಂದು ವಾಪಸಾಗುತ್ತಾರೆ. ಅದೇ ಅಂಗಡಿಗೆ ಅದೇ ದಿನ ಬೆಳಿಗ್ಗೆ ಆರಕ್ಕೆ ಹೋಗಿದ್ದರೆ ಬೇರೆಯೇ ತಿಂಡಿ ಸಿಗುತ್ತಿತ್ತು. ಯಾವ ಅಂಗಡಿ ಎನ್ನುವುದು ಇಲ್ಲಿ ಎರಡನೇ ಪ್ರಶ್ನೆ. ಎಷ್ಟು ಹೊತ್ತಿಗೆ, ಯಾವ ತಿಂಗಳಲ್ಲಿ ಎನ್ನುವುದನ್ನು ಮೊದಲು ತೀರ್ಮಾನಿಸಿಕೊಂಡು ಆಮೇಲೆ ನಕ್ಷೆ ತೆರೆಯಿರಿ.

ಕಾರಣ ಅಡುಗೆಮನೆಯಲ್ಲಿದೆ. ಬಡಾವಣೆಯ ಡೋನಟ್ ಅಂಗಡಿಯ ಕೆಲಸ ಶುರುವಾಗುವುದು ನಡುರಾತ್ರಿಯ ಆಸುಪಾಸಿನಲ್ಲಿ. ಈಸ್ಟ್ ಹಾಕಿದ ಹಿಟ್ಟನ್ನು ಕಲಸಿ, ಉಬ್ಬಲು ಬಿಟ್ಟು, ಲಟ್ಟಿಸಿ, ಅಚ್ಚಿನಿಂದ ಕತ್ತರಿಸಿ, ಬೆಚ್ಚಗೆ ತೇವವಾಗಿರುವ ಪೆಟ್ಟಿಗೆಯಲ್ಲಿ ಮತ್ತೊಮ್ಮೆ ಉಬ್ಬಿಸುತ್ತಾರೆ. ಆ ಪೆಟ್ಟಿಗೆಯ ಶಾಖ ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್. ಆಮೇಲೆ 190 ಡಿಗ್ರಿಯ ಹತ್ತಿರ ಕಾದ ಕೊಬ್ಬಿನಲ್ಲಿ ಒಂದೊಂದು ಮಗ್ಗುಲು ಒಂದು ನಿಮಿಷದಂತೆ ಕರಿಯುತ್ತಾರೆ. ಎಣ್ಣೆ ಸೋರಿದ ಕೂಡಲೇ, ಇನ್ನೂ ಬಿಸಿಯಿರುವಾಗಲೇ ಮೇಲಿನಿಂದ ಸಕ್ಕರೆ ಪಾಕ ಸುರಿಯುತ್ತಾರೆ. ಡೋನಟ್ಟಿನ ಬಿಸಿಗೆ ಪಾಕ ನೀರಾಗಿ ಇಳಿದು, ಉಳಿದದ್ದು ಗಾಜಿನ ಹಾಗೆ ತೆಳ್ಳಗೆ ಗಟ್ಟಿಯಾಗುತ್ತದೆ. ಆರಿದ ಡೋನಟ್ಟಿಗೆ ಸುರಿದರೆ ಅದೇ ಪಾಕ ದಪ್ಪಗೆ, ಬೆಳ್ಳಗೆ ಕೂರುತ್ತದೆ. ನಾಲ್ಕೈದು ಗಂಟೆ ಕಳೆಯುತ್ತಿದ್ದಂತೆ ಒಳಗಿನ ತೇವವನ್ನು ಸಕ್ಕರೆ ಹೀರಿಕೊಳ್ಳುತ್ತದೆ. ಒಳಭಾಗ ಒಣಗುತ್ತದೆ, ಹೊರಭಾಗ ಅಂಟಂಟಾಗುತ್ತದೆ. ಅಂಗಡಿಯವರ ತಪ್ಪು ಇದರಲ್ಲಿ ಏನೂ ಇಲ್ಲ. ಈ ತಿಂಡಿಯ ಆಯುಸ್ಸೇ ಅಷ್ಟು.

ಹಾಗಾಗಿ ಬೆಳಿಗ್ಗೆ ಐದೂವರೆಯಿಂದ ಏಳೂವರೆಯೊಳಗೆ ಹೋಗಿ. ಎಲ್ಲ ಬಗೆಗಳೂ ಕಪಾಟಿನಲ್ಲಿರುವ ಹೊತ್ತು ಅದು. ಹತ್ತು ದಾಟಿದರೆ ಆಯ್ಕೆ ಕರಗುತ್ತಾ ಬರುತ್ತದೆ. ಭಾನುವಾರ ಎಂಟೂವರೆಯಿಂದ ಹನ್ನೊಂದರವರೆಗೆ ಎಲ್ಲ ಕಡೆಯೂ ಉದ್ದನೆಯ ಸಾಲು, ಕುಟುಂಬಗಳು ಡಜನ್‌ಗಟ್ಟಲೆ ಕೊಳ್ಳುವ ಹೊತ್ತು. ಚಿಕ್ಕ ಅಂಗಡಿಗಳು ಮಧ್ಯಾಹ್ನ ಒಂದು ಎರಡಕ್ಕೆ, ಮಾಲು ಮುಗಿದರೆ ಅದಕ್ಕೂ ಮುಂಚೆ ಬಾಗಿಲು ಹಾಕುತ್ತವೆ. ಇಪ್ಪತ್ತನಾಲ್ಕು ಗಂಟೆ ತೆರೆದಿರುವ ಕಡೆ ಹಗಲು ಹೋಗಲಾಗದಿದ್ದರೆ ರಾತ್ರಿ ಹೋಗಿ; ಮರುದಿನದ ಮಾಲಿನ ಮೊದಲ ತಟ್ಟೆಗಳು ರಾತ್ರಿಯೇ ಹೊರಬರಲು ಶುರುವಾಗುತ್ತವೆ. ತಪ್ಪಿಸಿಕೊಳ್ಳಬೇಕಾದ ದಿನವೂ ಒಂದಿದೆ: ಜೂನ್ ತಿಂಗಳ ಮೊದಲ ಶುಕ್ರವಾರ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದ ಹತ್ತಿರ ಸೈನಿಕರಿಗೆ ಡೋನಟ್ ಕರಿದುಕೊಟ್ಟ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ಮಹಿಳೆಯರ ನೆನಪಿಗೆ 1938ರಲ್ಲಿ ಶಿಕಾಗೋದಲ್ಲಿ ಆರಂಭವಾದ ಡೋನಟ್ ದಿನ ಅದು. ಹಲವು ಕಡೆ ಒಂದು ಡೋನಟ್ ಪುಕ್ಕಟೆ ಕೊಡುತ್ತಾರೆ. ಆ ಒಂದಕ್ಕಾಗಿ ಮುಕ್ಕಾಲು ಗಂಟೆ ನಿಲ್ಲುವಷ್ಟು ಬಿಡುವು ಪ್ರವಾಸಿಗನಿಗೆ ಇರುವುದಿಲ್ಲ.

ಕಪಾಟಿನ ಮುಂದೆ ನಿಂತಾಗ

ಸಾಲಿನಲ್ಲಿ ನಿಂತಿರುವಾಗಲೇ ಗಾಜಿನ ಮೂಲಕ ನೋಡಿಕೊಳ್ಳಿ. ಈಸ್ಟ್ ಡೋನಟ್ಟಿನ ಪಕ್ಕದಲ್ಲಿ, ಸೊಂಟದ ಸುತ್ತ, ಒಂದು ಬೆಳ್ಳನೆಯ ಪಟ್ಟಿ ಇರಬೇಕು. ಸರಿಯಾಗಿ ಉಬ್ಬಿದ ಹಿಟ್ಟು ಹಗುರವಾಗಿರುತ್ತದೆ, ಕೊಬ್ಬಿನಲ್ಲಿ ಎತ್ತರಕ್ಕೆ ತೇಲುತ್ತದೆ. ಎರಡೂ ಮಗ್ಗುಲು ಕೆಂಪಾದರೂ ನಡುವಿನ ಆ ಪಟ್ಟಿಗೆ ಕೊಬ್ಬು ತಾಗುವುದಿಲ್ಲ. ಪಟ್ಟಿಯೇ ಇಲ್ಲದೆ ಸುತ್ತಲೂ ಕಂದು ಬಣ್ಣವಿದ್ದರೆ ಹಿಟ್ಟು ಸಾಕಷ್ಟು ಉಬ್ಬಿರಲಿಲ್ಲ, ಭಾರವಾಗಿ ಮುಳುಗಿತ್ತು ಎಂದರ್ಥ. ಮೈಮೇಲೆ ದೊಡ್ಡ ಗುಳ್ಳೆಗಳಿದ್ದು ನಡುವೆ ಕುಸಿದಿದ್ದರೆ ಉಬ್ಬಿದ್ದು ಅತಿಯಾಗಿದೆ. ಅಂಥದ್ದು ಹೆಚ್ಚು ಎಣ್ಣೆ ಕುಡಿದಿರುತ್ತದೆ, ತಿಂದ ಮೇಲೆ ನಾಲಿಗೆಯ ಮೇಲೆ ಜಿಡ್ಡು ಉಳಿಯುತ್ತದೆ. ಇನ್ನು ಕಾಗದ ನೋಡಿ. ತಟ್ಟೆಗೆ ಹಾಸಿದ ಕಾಗದದ ಮೇಲೆ ಪಾಕ ಕೆರೆಗಟ್ಟಿದ್ದರೆ ಆ ತಟ್ಟೆ ಬಂದು ಬಹಳ ಹೊತ್ತಾಯಿತು.

ಕೌಂಟರಿನಲ್ಲಿ ಮೊದಲು ಕೇಳಬೇಕಾದ್ದು ಒಂದೇ: ಈಗ ಬಿಸಿಯಾಗಿರುವುದು ಯಾವುದು? ಅಂಗಡಿಯವರಿಗೆ ಈ ಪ್ರಶ್ನೆ ಇಷ್ಟ. ಎಷ್ಟೋ ಸಲ ಕಪಾಟಿಗೆ ಇನ್ನೂ ಬಾರದ ತಟ್ಟೆಯಿಂದ, ಹಿಂದುಗಡೆಯಿಂದ ತಂದುಕೊಡುತ್ತಾರೆ. ಆದರೆ ಉಳಿದದ್ದನ್ನೆಲ್ಲ ಅಲ್ಲಿಯವರೆಗೆ ತೀರ್ಮಾನಿಸಿರಿ. ಬೆಳಗಿನ ಗಿರಾಕಿಗಳು ಕೆಲಸಕ್ಕೆ ಹೊರಟವರು; ಕೌಂಟರಿಗೆ ಬಂದ ಮೇಲೆ ಬಗೆಬಗೆಯನ್ನು ತೋರಿಸಿ ವಿವರಣೆ ಕೇಳುತ್ತ ನಿಂತರೆ ಹಿಂದಿನವರಿಗೆ ಕಷ್ಟ. "ಮೇಲಿನ ಸಾಲು, ಎಡದಿಂದ ಮೂರನೆಯದು, ಎರಡು" ಎಂದು ಬೆರಳು ತೋರಿಸಿ ಹೇಳುವುದೇ ಅಲ್ಲಿನ ರೂಢಿ. ಹೆಸರು ಗೊತ್ತಿಲ್ಲ ಎಂದು ಸಂಕೋಚ ಬೇಡ.

ಆದರೂ ಹೆಸರು ತಿಳಿದಿದ್ದರೆ ಒಳ್ಳೆಯದು. ಗ್ಲೇಸ್ಡ್ ರೈಸ್ಡ್ ಅಂದರೆ ಈಸ್ಟಿನ ಉಂಗುರ, ಪಾಕದಲ್ಲಿ ಮಿಂದದ್ದು. ಯಾವ ಅಂಗಡಿಯನ್ನಾದರೂ ಅಳೆಯಲು ಇದೊಂದು ಸಾಕು. ಇದು ಚೆನ್ನಾಗಿದ್ದರೆ ಮಿಕ್ಕವೂ ಚೆನ್ನಾಗಿರುತ್ತವೆ. ಕೇಕ್ ಡೋನಟ್ ಬೇಕಿಂಗ್ ಪೌಡರಿನಿಂದ ಉಬ್ಬಿದ್ದು, ಒತ್ತಾದ ಒಳಮೈ. ಓಲ್ಡ್ ಫ್ಯಾಷನ್ಡ್ ಅದರ ತಮ್ಮ: ಸ್ವಲ್ಪ ಕಡಿಮೆ ಶಾಖದ ಕೊಬ್ಬಿನಲ್ಲಿ ಹೆಚ್ಚು ಹೊತ್ತು ಕರಿಯುವುದರಿಂದ ಮೈ ಬಿರಿದು ದಳದಳವಾಗಿ ತೆರೆದುಕೊಳ್ಳುತ್ತದೆ, ಆ ಬಿರುಕುಗಳಿಗೆ ಪಾಕ ಇಳಿದು ಅಂಚು ಗರಿಗರಿಯಾಗುತ್ತದೆ. ಬಟರ್‌ಮಿಲ್ಕ್ ಬಾರ್ ಅದೇ ಜಾತಿಯ ಉದ್ದನೆಯ ತುಂಡು, ಮಜ್ಜಿಗೆಯ ಹುಳಿ ಹಿನ್ನೆಲೆಯಲ್ಲಿ ತಿಳಿಯುತ್ತದೆ. ಫ್ರೆಂಚ್ ಕ್ರಲರ್ ಈಸ್ಟೂ ಇಲ್ಲದ, ಬೇಕಿಂಗ್ ಪೌಡರೂ ಬೇಕಿಲ್ಲದ ಸುರುಳಿ. ನೀರು, ಬೆಣ್ಣೆ, ಹಿಟ್ಟು ಬೇಯಿಸಿ ಮೊಟ್ಟೆ ಕಲಸಿದ ಹಿಟ್ಟು ಅದು; ಒಳಗೆ ಬಹುತೇಕ ಗಾಳಿ. ಎರಡು ಗಂಟೆಯಲ್ಲಿ ಮೆತ್ತಗಾಗುವುದರಿಂದ ಪೆಟ್ಟಿಗೆಗೆ ಹಾಕಿಸಬೇಡಿ, ಅಲ್ಲೇ ನಿಂತು ತಿನ್ನಿ. ಆ್ಯಪಲ್ ಫ್ರಿಟ್ಟರ್ ಈಸ್ಟ್ ಹಿಟ್ಟನ್ನು ಸೇಬು, ದಾಲ್ಚಿನ್ನಿಯ ಜೊತೆ ಕೊಚ್ಚಿ ಮುದ್ದೆ ಮಾಡಿ ಕರಿದದ್ದು. ಅಂಗೈಗಿಂತ ದೊಡ್ಡದು, ಇಬ್ಬರಿಗೆ ಒಂದು. ಮೇಪಲ್ ಬಾರ್, ಅಂದರೆ ಮೇಪಲ್ ರುಚಿಯ ಪಾಕ ಬಳಿದ ಉದ್ದನೆಯ ಈಸ್ಟ್ ಡೋನಟ್, ಅಮೆರಿಕದ ಪಶ್ಚಿಮ ಕರಾವಳಿಯ ಕಡೆ ಹೆಚ್ಚು ರೂಢಿಯಲ್ಲಿರುವ ತಿಂಡಿ. ಪೂರ್ವದಿಂದ ಬರುವವರು ಇದನ್ನು ಇಲ್ಲಿಯೇ ತಿನ್ನಬೇಕು.

ಎಲ್ಲಿಗೆ

ವಿಮಾನ ಇಳಿದ ತಕ್ಷಣ, ಅಥವಾ ಹತ್ತುವ ಮುಂಚೆ, ರಾಂಡೀಸ್ ಡೋನಟ್ಸ್. ಇಂಗಲ್‌ವುಡ್‌ನಲ್ಲಿ ಮ್ಯಾಂಚೆಸ್ಟರ್ ಬುಲೆವಾರ್ಡ್ ಮತ್ತು ಲಾ ಸಿಯೆನೆಗಾ ಬುಲೆವಾರ್ಡ್ ಕೂಡುವ ಕಡೆ, 405 ಹೆದ್ದಾರಿಯ ಮಗ್ಗುಲಲ್ಲಿದೆ. ಚಾವಣಿಯ ಮೇಲೆ 32 ಅಡಿ ವ್ಯಾಸದ ಡೋನಟ್. 1950ರ ದಶಕದ ಆರಂಭದಲ್ಲಿ ಬಿಗ್ ಡೋನಟ್ ಡ್ರೈವ್ ಇನ್ ಎಂಬ ಅಂಗಡಿ ಸರಣಿಗಾಗಿ, ಉಕ್ಕಿನ ಚೌಕಟ್ಟಿಗೆ ಕಾಂಕ್ರೀಟ್ ಸಿಂಪಡಿಸಿ ಕಟ್ಟಿದ್ದು. ಓಡುತ್ತಿರುವ ಕಾರಿನಿಂದಲೇ ಜನ ಗುರುತು ಹಿಡಿಯಲಿ ಎಂದು ಕಟ್ಟಡವನ್ನೇ ಫಲಕ ಮಾಡುತ್ತಿದ್ದ ಕಾಲದ ಉಳಿಕೆ. ಇಪ್ಪತ್ತನಾಲ್ಕು ಗಂಟೆ ತೆರೆದಿರುತ್ತದೆ. ಒಳಗೆ ಕೂರುವ ಜಾಗವಿಲ್ಲ. ನಡೆದು ಬಂದವರಿಗೆ ಒಂದು ಕಿಟಕಿ, ಕಾರಿನವರಿಗೆ ಇನ್ನೊಂದು. ಕಾರಿನ ಸಾಲು ಉದ್ದ ಕಂಡರೆ ಕಾರನ್ನು ಬದಿಗೆ ನಿಲ್ಲಿಸಿ ನಡೆದು ಹೋಗಿ, ಹೆಚ್ಚಿನ ಸಲ ಅದೇ ಬೇಗ. ಚಿತ್ರ ತೆಗೆಯುವವರು ರಸ್ತೆಯ ಆಚೆ ಬದಿಗೆ ಹೋಗಬೇಕು. ಅಂಗಡಿಯ ಅಂಗಳದಲ್ಲೇ ನಿಂತು ತೆಗೆದರೆ ಉಂಗುರ ಅರ್ಧಕ್ಕೆ ತುಂಡಾಗುತ್ತದೆ.

ಕಾರಿಲ್ಲದವರಿಗೂ ಇದು ಸುಲಭ, ಹಾಗಾಗಿಯೇ ಇದನ್ನು ಮೊದಲು ಹೇಳಿದ್ದು. ವಿಮಾನ ನಿಲ್ದಾಣದಿಂದ ಉಚಿತ ಶಟಲ್ ಬಸ್ಸಿನಲ್ಲಿ 2025ರಲ್ಲಿ ತೆರೆದ ಎಲ್‌ಎಎಕ್ಸ್ ಮೆಟ್ರೋ ಟ್ರಾನ್ಸಿಟ್ ಸೆಂಟರಿಗೆ ಬನ್ನಿ. ಅಲ್ಲಿಂದ ಕೆ ಲೈನ್ ರೈಲಿನಲ್ಲಿ ಉತ್ತರ ದಿಕ್ಕಿಗೆ ಹೊರಟರೆ ಮುಂದಿನ ನಿಲ್ದಾಣವೇ ವೆಸ್ಟ್‌ಚೆಸ್ಟರ್/ವೆಟರನ್ಸ್. ಇಳಿದು ಹತ್ತು ಹದಿನೈದು ನಿಮಿಷ ನಡೆದರೆ ಅಂಗಡಿ. ಟ್ಯಾಪ್ ಎಂಬ ಮೆಟ್ರೋ ಪ್ರಯಾಣದ ಕಾರ್ಡಿನಲ್ಲಿ ರೈಲಿನ ದರ 1.75 ಡಾಲರ್, ಎರಡು ಗಂಟೆಯವರೆಗೆ ಮುಂದಿನ ಬದಲಾವಣೆಗಳೂ ಅದರಲ್ಲೇ ಸೇರಿವೆ. ದೊಡ್ಡ ಪೆಟ್ಟಿಗೆಗಳನ್ನು ಎಳೆದುಕೊಂಡು ಈ ಸಾಹಸ ಬೇಡ; ಕಾಲುದಾರಿ ಇದೆ, ಆದರೆ ಎದುರಾಗುವುದೆಲ್ಲ ಅಗಲ ರಸ್ತೆಗಳ ಸಿಗ್ನಲ್‌ಗಳು.

ನಗರದ ನಡುವೆ ಇರುವವರು ಫೇರ್‌ಫ್ಯಾಕ್ಸ್ ಮತ್ತು ಮೂರನೇ ಬೀದಿ ಕೂಡುವಲ್ಲಿರುವ ಹಳೆಯ ಫಾರ್ಮರ್ಸ್ ಮಾರ್ಕೆಟ್ಟಿಗೆ ಹೋಗಬಹುದು. 1934ರ ಮಾರುಕಟ್ಟೆ ಅದು. ಒಳಗೆ ಬಾಬ್ಸ್ ಕಾಫಿ ಅಂಡ್ ಡೋನಟ್ಸ್ 1970ರಿಂದ ಇದೆ. ಕೂತು ತಿನ್ನಲು ಮೇಜು ಕುರ್ಚಿ ಸಿಗುವ ಜಾಗ ಎನ್ನುವುದೇ ಇದರ ದೊಡ್ಡ ಅನುಕೂಲ. ವಯಸ್ಸಾದ ತಂದೆತಾಯಿಯರ ಜೊತೆ ಹೋಗುವವರಿಗೆ ಮೊದಲು ಇದನ್ನೇ ಹೇಳಬೇಕು. ಅಲ್ಲಿನ ಮಾಮೂಲಿ ಗ್ಲೇಸ್ಡ್ ಮತ್ತು ಬಟರ್‌ಮಿಲ್ಕ್ ಬಾರ್ ತೆಗೆದುಕೊಳ್ಳಿ. ಕಾರು ತಂದಿದ್ದರೆ ಪಾರ್ಕಿಂಗ್ ಚೀಟಿಯನ್ನು ಅಂಗಡಿಯಲ್ಲೇ ತೋರಿಸಿ ವ್ಯಾಲಿಡೇಟ್ ಮಾಡಿಸಿಕೊಳ್ಳುವುದನ್ನು ಮರೆಯಬೇಡಿ. ಮರೆತು ಗೇಟಿಗೆ ಬಂದರೆ ಡೋನಟ್ಟಿಗಿಂತ ಪಾರ್ಕಿಂಗೇ ದುಬಾರಿಯಾಗುತ್ತದೆ. ಪಶ್ಚಿಮದ ಕಡೆ ಉಳಿದುಕೊಂಡವರಿಗೆ ಸಾಟೆಲ್ ಬುಲೆವಾರ್ಡಿನ ಪ್ರಿಮೋಸ್ ಡೋನಟ್ಸ್ ಹತ್ತಿರ. 1956ರಿಂದ ನಡೆಯುತ್ತಿರುವ ಅಂಗಡಿ, ಅಲ್ಲಿಯೂ ಬಟರ್‌ಮಿಲ್ಕ್ ಬಾರ್‌ಗೇ ಹೆಸರು. ಬೆಳಿಗ್ಗೆ ಏಳಲು ಸಾಧ್ಯವೇ ಇಲ್ಲ ಎನ್ನುವವರು ಸಾಂಟಾ ಮೋನಿಕಾದ ಸೈಡ್‌ಕಾರ್ ನೋಡಬಹುದು. ಅಲ್ಲಿ ದಿನವಿಡೀ ಚಿಕ್ಕ ಚಿಕ್ಕ ಪ್ರಮಾಣದಲ್ಲಿ ಕರಿಯುತ್ತಲೇ ಇರುತ್ತಾರೆ, ಬೆಲೆ ಬಡಾವಣೆಯ ಅಂಗಡಿಗಿಂತ ಹೆಚ್ಚು.

ಒಂದು ಪೂರ್ತಿ ಬೆಳಗನ್ನು ಕೊಡಬೇಕಾದ್ದು ಗ್ಲೆಂಡೋರಾದ ಡೋನಟ್ ಮ್ಯಾನ್‌ಗೆ. ನಗರದ ನಡುಭಾಗದಿಂದ ಪೂರ್ವಕ್ಕೆ ಸುಮಾರು 27 ಮೈಲಿ, ಹಳೆಯ ರೂಟ್ 66 ಹೆದ್ದಾರಿಯ ಮೇಲೆ, ಸ್ಯಾನ್ ಗೇಬ್ರಿಯಲ್ ಬೆಟ್ಟಗಳ ಬುಡದಲ್ಲಿದೆ. 1972ರಲ್ಲಿ ಜಿಮ್ ನಕಾನೋ ದಂಪತಿ ಶುರುಮಾಡಿದ ಈ ಅಂಗಡಿ ಹೆಸರು ಮಾಡಿದ್ದು ಸ್ಟ್ರಾಬೆರಿ ಡೋನಟ್ಟಿನಿಂದ. ದೊಡ್ಡ ಈಸ್ಟ್ ಡೋನಟ್ಟನ್ನು ಚಿಪ್ಪಿನ ಹಾಗೆ ಅಡ್ಡಕ್ಕೆ ಸೀಳಿ, ತಿಳಿ ಪಾಕದಲ್ಲಿ ಹೊರಳಿಸಿದ ಇಡಿಯ ತಾಜಾ ಹಣ್ಣುಗಳನ್ನು ಬಾಯಿ ಮುಚ್ಚಲಾಗದಷ್ಟು ತುಂಬುತ್ತಾರೆ. ಜಾಮ್ ಅಲ್ಲ, ಹಣ್ಣು. ಹಣ್ಣು ಆದ್ದರಿಂದಲೇ ಕಾಲ ನೋಡಿಕೊಂಡು ಹೋಗಬೇಕು: ಸ್ಟ್ರಾಬೆರಿ ಹೆಚ್ಚುಕಡಿಮೆ ಫೆಬ್ರವರಿಯಿಂದ ಬೇಸಿಗೆಯ ಆರಂಭದವರೆಗೆ, ಅದು ಮುಗಿದ ಮೇಲೆ ಪೀಚ್. ಮಳೆ ಹೆಚ್ಚಾದ ವರ್ಷ ಹಣ್ಣು ತಡವಾಗುತ್ತದೆ. ನವೆಂಬರಿನಲ್ಲಿ ಇಷ್ಟು ದೂರ ಹೋಗಿ ಸ್ಟ್ರಾಬೆರಿ ಇಲ್ಲವೆಂದು ಪೆಚ್ಚುಮೋರೆ ಹಾಕಿಕೊಳ್ಳುವವರು ಇದ್ದೇ ಇರುತ್ತಾರೆ. ಹೊರಡುವ ಮುಂಚೆ ಒಂದು ಫೋನು ಮಾಡಿ. ಹಣ್ಣಿನ ಕಾಲವಲ್ಲದಿದ್ದರೆ ಟೈಗರ್ ಟೇಲ್ ಕೇಳಿ, ಚಾಕೊಲೇಟ್ ಎಳೆ ಸೇರಿಸಿ ಹೆಣೆದ ಉದ್ದನೆಯ ಡೋನಟ್ ಅದು.

ಈ ಸ್ಟ್ರಾಬೆರಿ ಡೋನಟ್ಟನ್ನು ಕೈಯಲ್ಲಿ ಹಿಡಿದು ಕಚ್ಚಲು ಹೋಗಬೇಡಿ. ಮೊದಲ ಕಡಿತಕ್ಕೇ ಹಿಂದಿನಿಂದ ಹಣ್ಣು ಜಾರಿ ಅಂಗಿಯ ಮೇಲೆ ಬೀಳುತ್ತದೆ. ಫೋರ್ಕ್ ಕೇಳಿ ಪಡೆಯಿರಿ. ಮೊದಲು ಮೇಲೆ ಇಣುಕುವ ನಾಲ್ಕೈದು ಹಣ್ಣು ತಿಂದು, ಚಿಪ್ಪಿನ ಮೇಲ್ಭಾಗ ಮುರಿದು ಒಳಗಿನ ರಸಕ್ಕೆ ಅದ್ದಿಕೊಂಡರೆ ಕೊನೆಯ ತುಣುಕಿನವರೆಗೂ ಹಿಟ್ಟು, ಹಣ್ಣು ಎರಡೂ ಸಮವಾಗಿ ಬರುತ್ತವೆ. ಒಬ್ಬರಿಗೆ ಒಂದು ಹೆಚ್ಚಾಯಿತು, ಇಬ್ಬರಿಗೆ ಒಂದು ಸರಿ. ಮನೆಗೆ ಒಯ್ಯುವುದಾದರೆ ಎರಡು ಗಂಟೆಯ ಲೆಕ್ಕ ಇಟ್ಟುಕೊಳ್ಳಿ. ಸಕ್ಕರೆ ಹಣ್ಣಿನಿಂದ ನೀರು ಎಳೆಯುತ್ತಲೇ ಇರುತ್ತದೆ, ಆ ನೀರು ತಳದ ಹಿಟ್ಟಿಗೆ ಇಳಿದು ಅದು ಮುದ್ದೆಯಾಗುತ್ತದೆ. ಇದೇ ಅಂಗಡಿಯ ಶಾಖೆ ಡೌನ್‌ಟೌನಿನ ಗ್ರ್ಯಾಂಡ್ ಸೆಂಟ್ರಲ್ ಮಾರ್ಕೆಟ್ಟಿನಲ್ಲೂ ಇದೆ. ದೂರ ಹೋಗಲಾಗದವರು ಪರ್ಶಿಂಗ್ ಸ್ಕ್ವೇರ್ ಮೆಟ್ರೋದಲ್ಲಿ ಇಳಿದು ಅಲ್ಲಿಗೇ ಹೋಗಬಹುದು. ಆದರೂ ಮೂಲ ಅಂಗಡಿಯ ಕಿಟಕಿಯ ಮುಂದೆ ನಿಂತು, ಒಳಗೆ ಹಣ್ಣು ತುಂಬುವ ಕೈಗಳನ್ನು ನೋಡುತ್ತಾ ಸರದಿ ಕಾಯುವುದಕ್ಕೆ ಬೇರೆಯದೇ ಸುಖವಿದೆ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಸಂಚಾರದ ಲೆಕ್ಕ ಇಲ್ಲಿ ನಿಮ್ಮ ಪರವಾಗಿದೆ. ಬೆಳಿಗ್ಗೆ ವಾಹನಗಳೆಲ್ಲ ಪೂರ್ವದಿಂದ ನಗರದ ಕಡೆ ನುಗ್ಗುತ್ತವೆ. ನೀವು ಎದುರು ದಿಕ್ಕಿಗೆ 210 ಹೆದ್ದಾರಿಯಲ್ಲಿ ಹೋಗುತ್ತೀರಿ. ಆರಕ್ಕೆ ಹೊರಟರೆ ಮುಕ್ಕಾಲು ಗಂಟೆ ಸಾಕು. ತಿರುಗಿ ಬರುವಾಗ ಮಾತ್ರ ಅದೇ ಜಂಗುಳಿಯೊಳಗೆ ಸಿಕ್ಕಿಬೀಳುತ್ತೀರಿ, ಆದ್ದರಿಂದ ಹತ್ತರ ಮೇಲೆ ಹೊರಡಿ. ಅಲ್ಲಿಯವರೆಗಿನ ಹೊತ್ತಿಗೆ ಲಾ ಪುಯೆಂಟೆಯ ಡೋನಟ್ ಹೋಲ್ ಇದೆ, ನೈಋತ್ಯಕ್ಕೆ ಸುಮಾರು ಅರ್ಧ ಗಂಟೆಯ ದಾರಿ. 1968ರಲ್ಲಿ ಕಟ್ಟಿದ ಈ ಅಂಗಡಿಗೆ ಎರಡು ತುದಿಗಳಲ್ಲಿ ಎರಡು ಬೃಹತ್ ಡೋನಟ್‌ಗಳು. ಕಾರು ಒಂದರ ತೂತಿನಿಂದ ಒಳಹೊಕ್ಕು, ನಡುವೆ ಕಿಟಕಿಯಲ್ಲಿ ಕೊಂಡು, ಇನ್ನೊಂದರ ತೂತಿನಿಂದ ಹೊರಬರುತ್ತದೆ. ಮದುವೆಯಾದ ಜೋಡಿಗಳು ಶುಭವೆಂದು ಇದರೊಳಗಿಂದ ಕಾರು ಓಡಿಸಿಕೊಂಡು ಹೋಗುವ ರೂಢಿಯೂ ಅಲ್ಲಿದೆ. ಎತ್ತರದ ವ್ಯಾನ್ ಬಾಡಿಗೆಗೆ ತಂದಿದ್ದರೆ ಒಳನುಗ್ಗುವ ಮುಂಚೆ ನಿಲ್ಲಿಸಿ ಎತ್ತರ ನೋಡಿಕೊಳ್ಳಿ. ರೈಲಿನಲ್ಲಿ ಹೋಗುವವರಿಗೆ: ಮೆಟ್ರೋದ ಎ ಲೈನ್ 2025ರಲ್ಲಿ ಗ್ಲೆಂಡೋರಾದ ಮೂಲಕ ಪೊಮೋನಾದವರೆಗೆ ವಿಸ್ತರಿಸಿದೆ. ಡೋನಟ್ ಮ್ಯಾನ್ ನಿಲ್ದಾಣಕ್ಕೆ ಅಂಟಿಕೊಂಡಿಲ್ಲ. ಬಿಸಿಲಿನ ದಿನ ಕೊನೆಯ ದೂರಕ್ಕೆ ಟ್ಯಾಕ್ಸಿ ಹಿಡಿಯುವುದು ವಾಸಿ. ಡೋನಟ್ ಹೋಲ್‌ಗಂತೂ ಕಾರಿಲ್ಲದೆ ಹೋಗಿ ಪ್ರಯೋಜನವಿಲ್ಲ.

ಗುಲಾಬಿ ಪೆಟ್ಟಿಗೆಯ ಅಂಗಡಿಗಳು

ಮೇಲೆ ಹೇಳಿದ್ದೆಲ್ಲ ಹೆಸರಾದವು. ಆದರೆ ಈ ಊರಿನ ಡೋನಟ್ಟಿನ ನಿಜವಾದ ಬೆನ್ನೆಲುಬು ರಸ್ತೆ ತಿರುವಿನ ಚಿಕ್ಕ ಅಂಗಡಿಗಳು. ಲಾಂಡ್ರಿಗೂ ಮೊಬೈಲ್ ಅಂಗಡಿಗೂ ನಡುವೆ, ಡೋನಟ್ಸ್ ಎಂದಷ್ಟೇ ಬರೆದ ಫಲಕ. ಅವುಗಳಲ್ಲಿ ಬಹುಪಾಲು ಕಾಂಬೋಡಿಯಾ ಮೂಲದ ಕುಟುಂಬಗಳದ್ದು. 1975ರಲ್ಲಿ ಖಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟ್ ಪಡೆಯ ಕೈಗೆ ದೇಶ ಸಿಕ್ಕಾಗ ನಿರಾಶ್ರಿತರಾಗಿ ಬಂದ ಟೆಡ್ ನಾಯ್, ವಿಂಚೆಲ್ಸ್ ಎಂಬ ಸರಣಿಯಲ್ಲಿ ಕೆಲಸ ಕಲಿತು, 1977ರಲ್ಲಿ ಲಾ ಹಾಬ್ರಾದಲ್ಲಿ ಕ್ರಿಸ್ಟೀಸ್ ಎಂಬ ಅಂಗಡಿ ಕೊಂಡರು. ಆಮೇಲೆ ತಮ್ಮ ಹಿಂದೆ ಬಂದ ಕುಟುಂಬಗಳಿಗೆ ಕೆಲಸ ಕಲಿಸಿ, ಅಂಗಡಿ ಗುತ್ತಿಗೆಗೆ ಕೊಟ್ಟು ನೆಲೆ ಮಾಡಿಕೊಟ್ಟರು. ಗುಲಾಬಿ ಬಣ್ಣದ ಪೆಟ್ಟಿಗೆಯೂ ಈ ಅಂಗಡಿಗಳಿಂದಲೇ ಬಂದದ್ದು. ಬಿಳಿಯ ರಟ್ಟಿಗಿಂತ ಗುಲಾಬಿ ರಟ್ಟು ಕೆಲವು ಸೆಂಟ್ ಅಗ್ಗ ಸಿಕ್ಕಿತು. ವಾರಕ್ಕೆ ನೂರಾರು ಪೆಟ್ಟಿಗೆ ಬೇಕಾಗುವ ಅಂಗಡಿಗೆ ಆ ಕೆಲವು ಸೆಂಟ್ ದೊಡ್ಡ ಮೊತ್ತ. ಈಗ ಅದು ಇಡೀ ಪ್ರದೇಶದ ಗುರುತು.

ನೀವು ಉಳಿದುಕೊಂಡ ಬೀದಿಯ ಸುತ್ತ ಇಂಥದ್ದೊಂದು ಇದ್ದೇ ಇರುತ್ತದೆ. ಒಂದು ದಿನವಾದರೂ ಬೆಳಿಗ್ಗೆ ಆರಕ್ಕೆ ಅಲ್ಲಿಗೆ ನಡೆದುಹೋಗಿ. ಕೌಂಟರಿನ ಹಿಂದೆ ಇಡೀ ಕುಟುಂಬ ಕೆಲಸದಲ್ಲಿರುತ್ತದೆ. ದಿನವೂ ಬರುವವರಿಗೆ ಏನು ಬೇಕೆಂದು ಕೇಳದೆಯೇ ಚೀಲಕ್ಕೆ ಹಾಕುತ್ತಾರೆ. ಹೆಸರಾದ ಅಂಗಡಿಯ ಸಾಲಿನಲ್ಲಿ ಅರ್ಧ ಗಂಟೆ ನಿಂತು ಪಡೆದ ಗ್ಲೇಸ್ಡ್‌ಗಿಂತ ಇಲ್ಲಿ ಎರಡು ನಿಮಿಷದಲ್ಲಿ ಸಿಕ್ಕ ಬಿಸಿ ಗ್ಲೇಸ್ಡ್ ರುಚಿಯಾಗಿರುವುದು ಅಪರೂಪವೇನಲ್ಲ. ಮುಚ್ಚುವ ಹೊತ್ತು ಹತ್ತಿರವಾದಾಗ ಹೋದರೆ ಉಳಿದ ಒಂದೆರಡನ್ನು ಸುಮ್ಮನೆ ಸೇರಿಸಿ ಕೊಡುವವರೂ ಇದ್ದಾರೆ.

ಸಸ್ಯಾಹಾರಿಗಳಿಗೆ

ಇದನ್ನು ಸ್ಪಷ್ಟವಾಗಿ ಹೇಳುವುದು ಅಗತ್ಯ. ಮಾಮೂಲಿ ಡೋನಟ್ಟಿನ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ ಎಂದೇ ತಿಳಿಯಿರಿ. ತಯಾರಿ ಮಿಶ್ರಣ ಬಳಸುವ ಕಡೆ ಅದು ಒಣ ಪುಡಿಯಾಗಿ ಸೇರಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೊಟ್ಟೆ ತಿನ್ನದವರು ವೀಗನ್ (ಮೊಟ್ಟೆ, ಹಾಲು ಸೇರಿ ಪ್ರಾಣಿಜನ್ಯವಾದದ್ದು ಯಾವುದೂ ಇಲ್ಲದ್ದು) ಎಂದು ಬರೆದದ್ದನ್ನೇ ಹುಡುಕಬೇಕು. ಕರಿಯುವುದಕ್ಕೆ ಹೆಚ್ಚಿನವರು ಬಳಸುವುದು ಸಸ್ಯಜನ್ಯ ಶಾರ್ಟ್ನಿಂಗ್, ಅಂದರೆ ಗಟ್ಟಿಯಾಗಿಸಿದ ಕೊಬ್ಬು. ಪ್ರಾಣಿ ಕೊಬ್ಬು ಬಳಸುವವರೂ ಇರಬಹುದಾದ್ದರಿಂದ "ಲಾರ್ಡ್ ಅಥವಾ ಟ್ಯಾಲೋ ಇದೆಯೇ" ಎಂದು ನೇರವಾಗಿ ಕೇಳಿ; ಲಾರ್ಡ್ ಹಂದಿಯ ಕೊಬ್ಬು, ಟ್ಯಾಲೋ ದನದ ಕೊಬ್ಬು. "ವೆಜಿಟೇರಿಯನ್ನಾ" ಎಂದು ಕೇಳಿದರೆ ಮಾಂಸದ ತುಂಡಿಲ್ಲ ಎಂಬ ಅರ್ಥದಲ್ಲಿ ಹೌದು ಎಂದುಬಿಡುತ್ತಾರೆ. ಮೇಪಲ್ ಬಾರ್ ಮೇಲೆ ಕೆಂಪು ಚೂರುಗಳಿದ್ದರೆ ಅದು ಬೇಕನ್, ಹಂದಿ ಮಾಂಸ. ಮಾರ್ಷ್‌ಮ್ಯಾಲೋ ಹಾಕಿದ್ದರಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಬಡಾವಣೆಯ ಅಂಗಡಿಗಳಲ್ಲಿ ಹ್ಯಾಮ್ (ಇದೂ ಹಂದಿ ಮಾಂಸವೇ) ಅಂಡ್ ಚೀಸ್ ಕ್ರೊಸಾಂಟ್ ಬಹಳ ಸಾಮಾನ್ಯ, ಅದೇ ಕಪಾಟಿನಲ್ಲಿ ಇಟ್ಟಿರುತ್ತಾರೆ. ಒಂದೇ ಇಕ್ಕಳದಿಂದ ಎಲ್ಲವನ್ನೂ ಎತ್ತುತ್ತಾರೆ. ಬೇಡವೆನಿಸಿದರೆ ಕಾಗದದಿಂದ ಎತ್ತಿಕೊಡಲು ಹೇಳಿ, ಯಾರೂ ಬೇಸರಪಡುವುದಿಲ್ಲ.

ಹಣ, ಪೆಟ್ಟಿಗೆ, ಮನೆಯ ದಾರಿ

ಒಂದು, ಐದು ಡಾಲರಿನ ನೋಟುಗಳು ಜೇಬಿನಲ್ಲಿರಲಿ. ಚಿಕ್ಕ ಅಂಗಡಿಗಳಲ್ಲಿ ಇಷ್ಟು ಡಾಲರಿಗಿಂತ ಕಡಿಮೆಗೆ ಕಾರ್ಡ್ ಇಲ್ಲ ಎಂಬ ಚೀಟಿ ಅಂಟಿಸಿರುವುದುಂಟು. ಆರಕ್ಕೆ ಮೇಲ್ಪಟ್ಟು ಬೇಕಿದ್ದರೆ ಬಿಡಿಯಾಗಿ ಎಣಿಸಬೇಡಿ, ಡಜನ್ ಬೆಲೆ ಕೇಳಿ. ಹಲವು ಕಡೆ ಒಂಬತ್ತು ಹತ್ತು ಬಿಡಿ ಡೋನಟ್ಟಿನ ಹಣಕ್ಕೆ ಡಜನ್ನೇ ಬರುತ್ತದೆ. ಫ್ರಿಟ್ಟರ್, ಹಣ್ಣು ತುಂಬಿದ್ದು, ಕ್ರೊಸಾಂಟ್ ಸಾಮಾನ್ಯವಾಗಿ ಡಜನ್ ಲೆಕ್ಕಕ್ಕೆ ಬರುವುದಿಲ್ಲ. "ಇಲ್ಲಿಯೇ ತಿನ್ನುತ್ತೀರಾ, ಒಯ್ಯುತ್ತೀರಾ" ಎಂದು ಕೇಳುವುದಕ್ಕೂ ಕಾರಣವಿದೆ: ಕ್ಯಾಲಿಫೋರ್ನಿಯಾದಲ್ಲಿ ಒಯ್ಯುವ ಬೇಕರಿ ತಿಂಡಿಗೆ ಸಾಮಾನ್ಯವಾಗಿ ಮಾರಾಟ ತೆರಿಗೆ ಇಲ್ಲ, ಅಲ್ಲೇ ಕೂತು ತಿಂದರೆ ಇದೆ. ಕೌಂಟರಿನ ಟಿಪ್ ಡಬ್ಬಿಗೆ ಒಂದು ಡಾಲರ್ ಹಾಕಿ. ರಾತ್ರಿಯಿಡೀ ನಿಂತು ಕೆಲಸ ಮಾಡಿದವರಿಗೆ ಅದು ಸಲ್ಲಬೇಕಾದದ್ದು.

ಪೆಟ್ಟಿಗೆಗೆ ಹಾಕಿಸುವಾಗ ನೋಡುತ್ತಿರಿ. ಡಜನ್ ಪೆಟ್ಟಿಗೆಯಲ್ಲಿ ನಾಲ್ಕು ಮೂರರ ಒಂದೇ ಪದರ ಸರಿಯಾಗಿ ಕೂರುತ್ತದೆ. ಭಾರದ ಫ್ರಿಟ್ಟರ್‌ಗಳು ಮೂಲೆಗೆ, ಮೆತ್ತನೆಯ ಗ್ಲೇಸ್ಡ್‌ಗಳು ಪಕ್ಕಕ್ಕೆ ಪಕ್ಕ, ಚಾಕೊಲೇಟ್ ಬಳಿದವು ಮತ್ತು ಸಕ್ಕರೆ ಪುಡಿ ಉದುರಿಸಿದವು ಒಂದಕ್ಕೊಂದು ತಾಗದ ಹಾಗೆ. ಎರಡನೇ ಪದರ ಅನಿವಾರ್ಯವಾದರೆ ನಡುವೆ ಮೇಣದ ಕಾಗದ ಹಾಸಿಸಿ, ಮೇಲೆ ಕೇಕ್ ಡೋನಟ್ ಮಾತ್ರ ಇಡಿಸಿ. ಹೊಸದಾಗಿ ಕರಿದದ್ದನ್ನು ಹಾಕಿಸಿದ್ದರೆ ಮುಚ್ಚಳವನ್ನು ಕಾಲು ಗಂಟೆ ಅರೆತೆರೆದಿಡಿ. ಇಲ್ಲದಿದ್ದರೆ ಆವಿ ಮುಚ್ಚಳಕ್ಕೆ ಬಡಿದು ಹನಿಯಾಗಿ ಪಾಕದ ಮೇಲೆಯೇ ಬೀಳುತ್ತದೆ. ಕಾರಿನಲ್ಲಿ ಪೆಟ್ಟಿಗೆಯ ಜಾಗ ಸೀಟಲ್ಲ, ನೆಲ. ಸೀಟು ಹಿಂದಕ್ಕೆ ಇಳಿಜಾರು. ಮೊದಲ ಬ್ರೇಕಿಗೆ ಹನ್ನೆರಡೂ ಒಂದು ಮೂಲೆಗೆ ಜಾರಿ ಅಂಟಿಕೊಳ್ಳುತ್ತವೆ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಹದಿನೈದು ನಿಮಿಷ ಬಿಟ್ಟರೂ ಪಾಕ ಕರಗುತ್ತದೆ.

ವಿಮಾನದಲ್ಲಿ ಕೈಯಲ್ಲಿ ಒಯ್ಯಬಹುದು. ಭದ್ರತಾ ತಪಾಸಣೆಯವರು ಘನ ತಿಂಡಿಗೆ ಅಡ್ಡಿ ಮಾಡುವುದಿಲ್ಲ. ತಲೆಯ ಮೇಲಿನ ಅರೆಗೆ ಎಲ್ಲರ ಚೀಲಗಳೂ ಸೇರಿದ ಮೇಲೆ, ಕೊನೆಗೆ, ಪೆಟ್ಟಿಗೆಯನ್ನು ಅಡ್ಡಲಾಗಿ ಇಡಿ. ಕೆನೆ ತುಂಬಿದವನ್ನೂ ತಾಜಾ ಹಣ್ಣಿನವನ್ನೂ ಇದಕ್ಕೆ ಆರಿಸಬೇಡಿ. ಪ್ರಯಾಣಕ್ಕೆ ಒಗ್ಗುವುದು ಓಲ್ಡ್ ಫ್ಯಾಷನ್ಡ್ ಮತ್ತು ಬಟರ್‌ಮಿಲ್ಕ್ ಬಾರ್. ಇವು ಮರುದಿನ ಬೆಳಿಗ್ಗೆಯೂ ತಿನ್ನುವ ಹಾಗಿರುತ್ತವೆ.

ಉಳಿದದ್ದನ್ನು ಫ್ರಿಜ್ಜಿಗೆ ತಳ್ಳುವುದು ಎಲ್ಲರೂ ಮಾಡುವ ತಪ್ಪು. ಫ್ರಿಜ್ಜಿನ ತಂಪಿನಲ್ಲಿ ಹಿಟ್ಟಿನ ಪಿಷ್ಟ ಬೇಗ ಗಟ್ಟಿಯಾಗುತ್ತದೆ, ಹೊರಗಿಟ್ಟದ್ದಕ್ಕಿಂತ ಮುಂಚೆಯೇ ರಬ್ಬರಿನಂತಾಗುತ್ತದೆ. ಕೆನೆ, ಕಸ್ಟರ್ಡ್, ತಾಜಾ ಹಣ್ಣು ಇರುವವು ಮಾತ್ರ ಫ್ರಿಜ್ಜಿಗೆ. ಮಿಕ್ಕವು ಮುಚ್ಚಿದ ಡಬ್ಬಿಯಲ್ಲಿ ಹೊರಗೆ. ಮರುದಿನ ಗ್ಲೇಸ್ಡ್ ರೈಸ್ಡ್‌ಗೆ ಮೈಕ್ರೋವೇವಿನಲ್ಲಿ ಎಂಟರಿಂದ ಹತ್ತು ಸೆಕೆಂಡ್ ಸಾಕು, ಹದಿನೈದು ದಾಟಿದರೆ ಪಾಕ ತಟ್ಟೆಗೆ ಹರಿದು ಹಿಟ್ಟು ಆರುತ್ತಲೇ ಬಿಗಿದುಕೊಳ್ಳುತ್ತದೆ. ಓಲ್ಡ್ ಫ್ಯಾಷನ್ಡ್‌ಗೆ ಮೈಕ್ರೋವೇವ್ ಬೇಡ. 150 ಡಿಗ್ರಿಯ ಓವನಿನಲ್ಲಿ ನಾಲ್ಕೈದು ನಿಮಿಷ ಇಟ್ಟು ಹೊರತೆಗೆದು, ಎರಡು ನಿಮಿಷ ಹಾಗೇ ಬಿಡಿ. ಬಿರುಕಿನ ಅಂಚುಗಳಲ್ಲಿ ಕರಗಿದ ಪಾಕ ಆರುತ್ತಾ ಮತ್ತೆ ಗರಿಯಾಗುತ್ತದೆ.